ಮಂಜರಾಬಾದ್ ಕೋಟೆಯ ಎಂಟು ಮೂಲೆ ಎಣಿಸುವುದು ಹೇಗೆ?

ಸಕಲೇಶಪುರಕ್ಕೆ ಬಂದವರು ಮಂಜರಾಬಾದ್ ಕೋಟೆ ಹತ್ತಿ, ನಾಲ್ಕು ಫೋಟೋ ತೆಗೆದು, ಹತ್ತೇ ನಿಮಿಷಕ್ಕೆ ಇಳಿದುಬಿಡುತ್ತಾರೆ. ನನಗೆ ಸಂಕಟವಾಗುತ್ತದೆ. ಈ ಕೋಟೆ ಎಂಟು ಮೂಲೆಯ ನಕ್ಷತ್ರದ ಆಕಾರದಲ್ಲಿದೆ, ಆದರೆ ಡ್ರೋನ್ ಫೋಟೋದಲ್ಲಿ ಕಾಣುವ ಆ ನಕ್ಷತ್ರ ನೆಲದ ಮೇಲೆ ನಿಂತವರಿಗೆ ಕಾಣುವುದಿಲ್ಲ. ಅದನ್ನು ನಡೆದೇ ನೋಡಬೇಕು.

ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿ.ಮೀ. ಬೆಳಗ್ಗೆ ಬೇಗ ಬಸ್ಸು ಹಿಡಿಯಿರಿ. ಊರು ದಾಟಿ ಮಂಗಳೂರು ಕಡೆ ಇನ್ನು 6 ಕಿ.ಮೀ. ಹೋದರೆ ಕೋಟೆಯ ದಾರಿ. ಆಮೇಲೆ ಸುಮಾರು 250 ಮೆಟ್ಟಿಲು.

ಒಳಗೆ ಹೋದ ತಕ್ಷಣ ನಡುವಿನ ಕೊಳದ ಕಡೆ ಓಡಬೇಡಿ. ಬಾಗಿಲಿನಿಂದ ಗೋಡೆಯ ಒಳಬದಿಯನ್ನೇ ಹಿಡಿದು ಸುತ್ತು ಹೊರಡಿ. ಗೋಡೆ ಹೊರಕ್ಕೆ ಚಾಚುತ್ತದೆ, ಮತ್ತೆ ಒಳಕ್ಕೆ ಬರುತ್ತದೆ. ಹೊರಗೆ ಚಾಚಿದ ಪ್ರತಿ ತುದಿಗೂ ಒಂದು ಸಣ್ಣ ಕಲ್ಲು ಜೇಬಿಗೆ ಹಾಕಿಕೊಳ್ಳಿ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಸೋದರಮಾವ ಹೀಗೇ ಮಾಡಿಸಿದ್ದರು. ಸುತ್ತು ಮುಗಿದಾಗ ಜೇಬಿನಲ್ಲಿ ಎಂಟು ಕಲ್ಲು!

ಆಮೇಲೆ ಒಂದು ತುದಿಯಲ್ಲಿ ನಿಂತು ಕಿಂಡಿಯಿಂದ ಪಕ್ಕದ ತುದಿಯ ಕಡೆ ನೋಡಿ. ಗೋಡೆ ಸುಮ್ನೆ ನೇರವಾಗಿದ್ದರೆ ಬುಡಕ್ಕೆ ಬಂದು ಅಂಟಿಕೊಂಡ ಶತ್ರು ಮೇಲಿದ್ದವರಿಗೆ ಕಾಣುತ್ತಲೇ ಇರಲಿಲ್ಲ. ಇಲ್ಲಿ ಒಂದು ತುದಿಯ ಬುಡವನ್ನು ಇನ್ನೊಂದು ತುದಿ ಕಾಯುತ್ತದೆ. ಅದು ಫ್ರೆಂಚರ ಕೋಟೆ ಕಟ್ಟುವ ರೀತಿ. 1792ರಲ್ಲಿ ಟಿಪ್ಪು ಸುಲ್ತಾನ್ ಇದನ್ನು ಕಟ್ಟಿಸಿದ್ದು ಕರಾವಳಿಯಿಂದ ಘಾಟಿ ಹತ್ತಿ ಬರುವ ದಾರಿ ಕಾಯಲು. ಪಶ್ಚಿಮಕ್ಕೆ ತಿರುಗಿದರೆ ಶಿರಾಡಿ ಕಡೆ ಬೆಟ್ಟಗಳು ಇಳಿಯುತ್ತಾ ಹೋಗುವುದು ಕಾಣುತ್ತದೆ. ಕೋಟೆಗೆ ಇದೇ ಜಾಗ ಯಾಕೆ ಅಂತ ಆಗ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಕೊಳ ಕೊನೆಗೆ. ಅದು ಕೂಡುವ ಗುರುತಿನ ಆಕಾರದಲ್ಲಿದೆ, ನಾಲ್ಕೂ ಕಡೆ ಮೆಟ್ಟಿಲು. ಹತ್ತಿರದ ನೆಲಮಾಳಿಗೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಅಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ.

ಅಕ್ಟೋಬರ್, ನವೆಂಬರ್ ಒಳ್ಳೆಯ ಸಮಯ. ಜುಲೈನಲ್ಲಿ ಮಂಜು ಜಾಸ್ತಿ, ಪಕ್ಕದ ತುದಿಯೇ ಕಾಣುವುದಿಲ್ಲ. ಕಲ್ಲಿನ ಮೇಲೆ ಪಾಚಿ ಬೇರೆ. ಒಮ್ಮೆ ಜಾರಿ ಬಿದ್ದು ಮೂರು ವಾರ ಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದೆ. ಆ ತಿಂಗಳಲ್ಲೇ ಬರುವುದಾದರೆ ಹಿಡಿತ ಇರುವ ಬೂಟು ಬೇಕು, ಇಂಬಳಕ್ಕೆ (ಜಿಗಣೆಗೆ) ಒಂದು ಪೊಟ್ಟಣ ಉಪ್ಪು ಬೇಕು. ಗೋಡೆ ಮೇಲಂತೂ ಹತ್ತಬೇಡಿ.

ಇಳಿದ ಮೇಲೆ ಹೆದ್ದಾರಿಯಲ್ಲಿ ಮಕ್ಕಳ ಕೈ ಬಿಡಬೇಡಿ. ಆ ತಿರುವಿನಲ್ಲಿ ಟ್ಯಾಂಕರ್‌ಗಳು ಜೋರಾಗಿ ಬರುತ್ತವೆ.