ಬಳೆ ತೆಗೆದಿಟ್ಟ ಮೇಲೆ

ಪಿಎಚ್‌.ಡಿ.ಗೆ ಸೇರಿದ ಮೊದಲ ವಾರ ನನ್ನ ಪಾಲಿಗೆ ಬಂದದ್ದು ಪ್ರಯೋಗಾಲಯದ ಲಾಗ್ ಪುಸ್ತಕ. ‘ನಿಮ್ಮ ಅಕ್ಷರ ದುಂಡಗಿದೆ, ನೀವೇ ಬರೆಯಿರಿ’ ಎಂದರು ಹಿರಿಯ ವಿದ್ಯಾರ್ಥಿಯೊಬ್ಬರು. ಏಳು ಜನರ ಗುಂಪಿನಲ್ಲಿ ನಾನೊಬ್ಬಳೇ ಹುಡುಗಿ, ಹೊಗಳಿಕೆಯೆಂದೇ ತಿಳಿದೆ. ಮೂರು ತಿಂಗಳಾಗುವಷ್ಟರಲ್ಲಿ ಪುಸ್ತಕದ ತುಂಬ ನನ್ನ ಅಕ್ಷರವಿತ್ತು, ಲೇಸರ್ ಮೇಜಿನ ಮೇಲಿನ ಒಂದು ಕನ್ನಡಿಯನ್ನೂ ನಾನು ತಿರುಗಿಸಿರಲಿಲ್ಲ. ಯಾರೂ ಬೈದಿರಲಿಲ್ಲ, ತಡೆದಿರಲಿಲ್ಲ. ಕೈ ಹಾಕಲು ಹೋದಾಗಲೆಲ್ಲ ‘ಇರಲಿ ಬಿಡಿ, ನಾನು ಮಾಡಿಕೊಡುತ್ತೇನೆ’ ಎನ್ನುತ್ತಿದ್ದರು. ಜಗಳವಾಡಿದ್ದರೆ ಎದುರಾಡಬಹುದಿತ್ತು. ಈ ಉಪಕಾರಕ್ಕೆ ಏನೆಂದು ಉತ್ತರ ಕೊಡುವುದೋ ತಿಳಿಯದೆ ಬಹಳ ದಿನ ಸುಮ್ಮನಿದ್ದೆ.

ನಮ್ಮದು ರಾಮನ್ ರೋಹಿತ ಅಳೆಯುವ ಕೆಲಸ. ವಸ್ತುವಿಗೆ ಬಡಿದು ಚದುರುವ ಬೆಳಕಿನಲ್ಲಿ ಸುಮಾರು ಕೋಟಿಗೊಂದು ಫೋಟಾನ್ (ಬೆಳಕಿನ ಕಣ) ಮಾತ್ರ ಬಣ್ಣ ಬದಲಿಸಿ ಬರುತ್ತದೆ, ಅದನ್ನೇ ನಾವು ಹಿಡಿಯಬೇಕು. ಕಿರಣ ಕೂದಲೆಳೆಯಷ್ಟು ಸರಿದರೂ ಸಂಕೇತ ಮಾಯ. ಹಾಗಾಗಿ ಕಿರಣವನ್ನು ಸಾಲಿಗೆ ತಂದವರಿಗೆ ಮಾತ್ರ ಆ ದಿನದ ಅಂಕಿಗಳನ್ನು ಎಷ್ಟು ನಂಬಬಹುದೆಂಬುದು ಗೊತ್ತಿರುತ್ತದೆ. ಪಕ್ಕದಲ್ಲಿ ಕುಳಿತು ಬರೆದುಕೊಂಡವರಿಗೆ ಗೊತ್ತಿರುವುದಿಲ್ಲ.

ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯುತ್ತಿದ್ದ ಹಿರಿಯ ತಂತ್ರಜ್ಞರನ್ನು ಕೇಳಿಕೊಂಡೆ: ‘ಸರ್, ಉಳಿದವರು ಬರುವ ತನಕ ನನಗೆ ಕಲಿಸಿ.’ ಲೇಸರ್ ಕೋಣೆಯಲ್ಲಿ ಒಬ್ಬರೇ ಕೆಲಸ ಮಾಡುವಂತಿಲ್ಲವಾದ್ದರಿಂದ ಅವರು ಜೊತೆಯಲ್ಲಿರುವುದು ಅಗತ್ಯವೂ ಆಗಿತ್ತು. ‘ನೋಡಮ್ಮಾ, ಮೊದಲು ಬಳೆ, ಉಂಗುರ, ವಾಚು ತೆಗೆದಿಡು. ಕಿರಣ ಅದಕ್ಕೆ ತಾಗಿ ಯಾರ ಕಣ್ಣಿಗೆ ಹಾರುತ್ತದೋ ಹೇಳಲಾಗದು’ ಎಂದರು. ಕನ್ನಡಕ ಹಾಕಿಸಿ, ಲೇಸರ್‌ನ ಶಕ್ತಿಯನ್ನು ತೀರ ತಗ್ಗಿಸಿ, ಎರಡು ಕನ್ನಡಿ, ಎರಡು ಕಿಂಡಿ ಕೊಟ್ಟರು. ಮೊದಲ ಕನ್ನಡಿಯಿಂದ ಹತ್ತಿರದ ಕಿಂಡಿಗೆ, ಎರಡನೆಯದರಿಂದ ದೂರದ ಕಿಂಡಿಗೆ. ಒಂದನ್ನು ಸರಿಪಡಿಸಿದರೆ ಇನ್ನೊಂದು ತಪ್ಪುತ್ತದೆ, ಮತ್ತೆ ಮೊದಲಿನಿಂದ. ಹನ್ನೊಂದನೆಯ ಬೆಳಿಗ್ಗೆ ಸಿಲಿಕಾನ್ ಚೂರು ಇಟ್ಟಾಗ ಪರದೆಯ ಮೇಲೆ, ಸಿಲಿಕಾನಿನ ಗುರುತು ಬರಬೇಕಾದ 520ರ ಅಂಕಿಯಲ್ಲೇ, ಗೆರೆ ನೆಟ್ಟಗೆ ಎದ್ದು ನಿಂತಿತು. ಎಲ್ಲ ಪ್ರಯೋಗಾಲಯಗಳೂ ತಮ್ಮ ಉಪಕರಣವನ್ನು ಪರೀಕ್ಷಿಸಿಕೊಳ್ಳುವ ಗೆರೆ ಅದು, ಹೊಸದೇನಲ್ಲ. ಆದರೂ ನನ್ನ ಕಣ್ಣು ತುಂಬಿತು.

ಅದೇ ಶನಿವಾರ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಿ ಸ್ಕ್ರೂ ತಿರುಗಿಸುವ ಅಲೆನ್ ಕೀಗಳ ನನ್ನದೇ ಒಂದು ಸೆಟ್ ಕೊಂಡೆ. ‘ಯಾರಿಗಮ್ಮ, ಅಣ್ಣನಿಗಾ?’ ಎಂದರು ಅಂಗಡಿಯವರು. ‘ನನಗೇ. ಎಂ6 ಸ್ಕ್ರೂಗೆ ಐದು ಮಿಲಿಮೀಟರಿನದು ಗಟ್ಟಿಯಾಗಿರಬೇಕು’ ಎಂದೆ. ಒಳಗಿನಿಂದ ಒಳ್ಳೆಯದನ್ನೇ ತಂದುಕೊಟ್ಟರು.

ಆಮೇಲೆ ಲಾಗ್ ಪುಸ್ತಕದಲ್ಲಿ ಒಂದು ಕಾಲಮ್ ಹೆಚ್ಚಿಸಿದೆ: ‘ಅಲೈನ್‌ಮೆಂಟ್ ಮಾಡಿದವರು’, ಅಂದರೆ ಆ ದಿನ ಕಿರಣವನ್ನು ಸಾಲಿಗೆ ತಂದವರು. ಪುಸ್ತಕ ನನ್ನ ಕೈಯಲ್ಲೇ ಇತ್ತಲ್ಲ, ಯಾರನ್ನೂ ಕೇಳಬೇಕಾಗಲಿಲ್ಲ. ಇದು ನನಗೆ ಹೊಳೆದದ್ದು ಭೌತವಿಜ್ಞಾನಿ ಅನ್ನಾ ಮಣಿಯವರ ಬಗ್ಗೆ ಓದಿದ ಮೇಲೆ. 1940ರ ದಶಕದಲ್ಲಿ ಇದೇ ಬೆಂಗಳೂರಿನ ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ರೋಹಿತ ತೆಗೆದವರು ಅವರು. ಒಂದೊಂದು ಫೋಟೋ ತಟ್ಟೆಗೆ ಹದಿನೈದು-ಇಪ್ಪತ್ತು ಗಂಟೆ ಬೆಳಕು ಕೊಡಬೇಕಿತ್ತು. ಐದು ಸಂಶೋಧನಾ ಲೇಖನ ಪ್ರಕಟಿಸಿ, 1945ರಲ್ಲಿ ಮಹಾಪ್ರಬಂಧವನ್ನೂ ಸಲ್ಲಿಸಿದರು. ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಪಿಎಚ್‌.ಡಿ. ಸಿಗಲಿಲ್ಲ. ಅದಕ್ಕೂ ಮೊದಲು, 1933ರಲ್ಲಿ, ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿಯವರನ್ನು ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿಸಿಕೊಂಡದ್ದು, ಹೆಣ್ಣೆಂಬ ಕಾರಣಕ್ಕೆ, ಒಂದು ವರ್ಷದ ಮಟ್ಟಿಗೆ ಪರೀಕ್ಷಾರ್ಥವಾಗಿ. ಅನ್ನಾ ಮಣಿಯವರ ಕೆಲಸ ಇಂದಿಗೂ ಉಳಿದಿರುವುದು ಅದು ಅವರ ಹೆಸರಿನಲ್ಲಿ ಅಚ್ಚಾಗಿರುವುದರಿಂದ.

ಎರಡನೆಯ ವರ್ಷ ಲೇಖನದಲ್ಲಿ ಹೆಸರುಗಳ ಸರದಿಯ ಮಾತು ಬಂತು. ನನ್ನ ಹೆಸರು ನಾಲ್ಕನೆಯದಾಗಿತ್ತು. ಮಾರ್ಗದರ್ಶಕರ ಮುಂದೆ ಪುಸ್ತಕ ತೆರೆದಿಟ್ಟೆ. ನಲವತ್ತಾರು ದಿನಗಳ ಅಳತೆಯಲ್ಲಿ ಮೂವತ್ತೊಂದರ ಎದುರು ನನ್ನ ಹೆಸರಿತ್ತು. ಅವರು ಹಾಳೆ ತಿರುವುತ್ತ ಬಹಳ ಹೊತ್ತು ನೋಡಿದರು. ಲೇಖನ ನನ್ನ ಹೆಸರಿನಿಂದಲೇ ಶುರುವಾಯಿತು. ಲಾಗ್ ಬರೆಯುವ ಕೆಲಸ ಈಗ ವಾರಕ್ಕೊಬ್ಬರ ಸರದಿ.

ರಾತ್ರಿ ಅಳತೆ ಇದ್ದಾಗ ಮಹಿಳೆಯರ ಶೌಚಾಲಯಕ್ಕೆ ಪಕ್ಕದ ಕಟ್ಟಡಕ್ಕೆ ಹೋಗಬೇಕು, ಒಂಬತ್ತಕ್ಕೆ ಅದಕ್ಕೂ ಬೀಗ. ಮೂರು ಪತ್ರ ಬರೆದಿದ್ದೇನೆ. ನಾಲ್ಕನೆಯದಕ್ಕೆ ನಮ್ಮ ಗುಂಪಿನ ಏಳೂ ಜನ ಸಹಿ ಹಾಕಿದ್ದಾರೆ. ಸೋಮವಾರ ಕೊಟ್ಟು ಬರುತ್ತೇನೆ.