ಎರಡು ಹಾಡು, ಒಂದೇ ಬೇಸ್: ಡಿಜೆ ಮಿಕ್ಸರ್‌ನಲ್ಲಿ ಈಕ್ವಲೈಸರ್ ಬಳಸುವ ಕ್ರಮ

ನುಡಿಯುತ್ತಿರುವ ಹಾಡಿನ ಮೇಲೆ ಇನ್ನೊಂದನ್ನು ತಂದು ಕೂರಿಸುವಾಗ, ಎರಡರ ತಾಳ ಕರಾರುವಾಕ್ಕಾಗಿ ಹೊಂದಿದ್ದರೂ ಒಟ್ಟು ಪರಿಣಾಮ ಗದ್ದಲವೆನಿಸುವುದುಂಟು. ಎರಡೂ ಹಾಡುಗಳ ಕಿಕ್ ಡ್ರಮ್ (ತಾಳ ಹಿಡಿಯುವ ದೊಡ್ಡ ಡ್ರಮ್) ಮತ್ತು ಬೇಸ್ (ತಗ್ಗಿದ ದನಿ) ಸುಮಾರು 40ರಿಂದ 250 ಹರ್ಟ್ಜ್‌ವರೆಗಿನ ಒಂದೇ ಇಕ್ಕಟ್ಟಾದ ವ್ಯಾಪ್ತಿಯಲ್ಲಿ ಮೊಳಗುವುದು ಇದಕ್ಕೆ ಮುಖ್ಯ ಕಾರಣ. ಆ ಅಲೆಗಳು ಏಕಕಾಲಕ್ಕೆ ಕೂಡಿಕೊಂಡರೆ ಮಟ್ಟವು 6 ಡೆಸಿಬಲ್‌ನಷ್ಟು ಏರಿ ದನಿ ಒಡೆಯಬಹುದು. ಎದುರುಬದುರಾದರೆ ಒಂದನ್ನೊಂದು ಅಳಿಸಿ ಹೊಡೆತವೇ ಸೊರಗುತ್ತದೆ. ಆದ್ದರಿಂದ ಬೇಸ್ ಯಾವ ಕ್ಷಣದಲ್ಲೂ ಒಂದೇ ಹಾಡಿನದಾಗಿರಬೇಕು.

ದನಿಯ ತಗ್ಗು, ನಡು, ಎತ್ತರದ ಭಾಗಗಳನ್ನು ಬೇರೆಬೇರೆಯಾಗಿ ಏರಿಳಿಸುವುದೇ ಈಕ್ವಲೈಸರ್‌ನ ಕೆಲಸ. ಮೊದಲು ಅದರ ಲೋ, ಮಿಡ್, ಹೈ ಎಂಬ ಮೂರೂ ನಾಬ್‌ಗಳನ್ನು (ತಿರುಗುಗುಂಡಿಗಳನ್ನು) ನಡುವಿನಲ್ಲಿಟ್ಟು, ಹಾಡಿನ ಅತಿ ಜೋರಾದ ಭಾಗವನ್ನು ನುಡಿಸಿ, ಕೆಂಪು ದೀಪ ಹೊತ್ತದಂತೆ ಗೇನ್ (ಹಾಡು ಮಿಕ್ಸರ್‌ಗೆ ಬರುವ ಮಟ್ಟ) ಹೊಂದಿಸಿಕೊಳ್ಳಿ. ಮಟ್ಟದ ಕೊರತೆಯನ್ನು ಈಕ್ವಲೈಸರ್‌ನಿಂದ ತುಂಬಲು ಹೋಗಬಾರದು.

ಅನಂತರ, ಬರಲಿರುವ ಹಾಡಿನ ಲೋ ನಾಬನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಹೈ ಅನ್ನು ತುಸು ಇಳಿಸಿ, ಹೆಡ್‌ಫೋನ್‌ನಲ್ಲಿ ತಾಳ ಸರಿಯಿರುವುದನ್ನು ಖಚಿತಪಡಿಸಿಕೊಂಡು ಫೇಡರನ್ನು (ಆ ಹಾಡಿನ ದನಿ ಏರಿಳಿಸುವ ಜಾರುಗುಂಡಿಯನ್ನು) ನಿಧಾನವಾಗಿ ಏರಿಸಿ. ಹೌಸ್ ಎಂಬ ನೃತ್ಯಸಂಗೀತ ಸಾಮಾನ್ಯವಾಗಿ 32 ಬೀಟ್‌ಗಳ ಖಂಡಗಳಲ್ಲಿ ಸಾಗುತ್ತದೆ. ನಿಮಿಷಕ್ಕೆ 120 ಬೀಟ್‌ಗಳ ವೇಗದಲ್ಲಿ ಒಂದು ಖಂಡಕ್ಕೆ 16 ಸೆಕೆಂಡು. ಹೊಸ ಖಂಡದ ಮೊದಲ ಬೀಟ್ ಬೀಳುವ ಕ್ಷಣಕ್ಕೆ ಸರಿಯಾಗಿ ಒಂದು ಕೈಯಿಂದ ಹಳೆಯ ಹಾಡಿನ ಲೋ ಇಳಿಸಿ, ಇನ್ನೊಂದು ಕೈಯಿಂದ ಹೊಸದರ ಲೋ ನಡುವಿಗೆ ತನ್ನಿ. ಇಲ್ಲಿ ಹಿಂಜರಿಕೆ ಸಲ್ಲದು. ಒಂದೆರಡು ಬೀಟ್ ತಡವಾದರೂ ಕುಣಿಯುವವರ ಕಾಲಿಗೆ ಅದು ಗೊತ್ತಾಗುತ್ತದೆ.

ಮಿಡ್ ವಿಷಯದಲ್ಲಿ ಮಾತ್ರ ಅವಸರ ಬೇಡ. ಗಾಯಕರ ದನಿ ಹೆಚ್ಚಾಗಿ ಇಲ್ಲೇ ನೆಲೆಸಿರುವುದರಿಂದ, ಎರಡು ದನಿಗಳು ಒಟ್ಟಿಗೆ ಬಂದಾಗ ಮಿಡ್ ಎಷ್ಟು ಇಳಿಸಿದರೂ ಕಲಸುಮೇಲೋಗರ ತಪ್ಪುವುದಿಲ್ಲ. ಸಿನಿಮಾ ಹಾಡುಗಳನ್ನು ಬೆರೆಸುವವರು ಪಲ್ಲವಿ ಮತ್ತು ಚರಣದ ನಡುವಿನ ವಾದ್ಯಸಂಗೀತದ ಭಾಗವನ್ನು ಆರಿಸಿಕೊಳ್ಳುವುದೇ ಲೇಸು. ವಾದ್ಯಗಾರರು ಒಟ್ಟಿಗೆ ಕೂತು ನುಡಿಸಿದ ಹಳೆಯ ಧ್ವನಿಮುದ್ರಣಗಳಲ್ಲಿ ವೇಗವೂ ಅಲ್ಲಲ್ಲಿ ಅಲುಗುವುದರಿಂದ ಅಂಥವುಗಳಲ್ಲಿ ಬೆರಕೆ ಚಿಕ್ಕದಾಗಿರಲಿ.

ನಾಬ್‌ಗಳ ಸ್ವಭಾವ ಎಲ್ಲ ಮಿಕ್ಸರ್‌ಗಳಲ್ಲೂ ಒಂದೇ ಅಲ್ಲ. ಪಯೋನಿಯರ್ ಡಿಜೆಎಂ-900 ನೆಕ್ಸಸ್ 2ರಲ್ಲಿ ನಾಬನ್ನು ಪೂರ್ತಿ ಎಡಕ್ಕೆ ತಿರುಗಿಸಿದಾಗ ಈಕ್ವಲೈಸರ್ ವಿಧಾನದಲ್ಲಿ ಆ ಭಾಗದ ದನಿ 26 ಡೆಸಿಬಲ್ ಇಳಿದು ಕ್ಷೀಣವಾಗಿ ಉಳಿಯುತ್ತದೆ, ಐಸೊಲೇಟರ್ ವಿಧಾನದಲ್ಲಿ ಪೂರ್ತಿ ಮೌನವಾಗುತ್ತದೆ. ಹೆಚ್ಚಿಸುವ ದಿಕ್ಕಿನಲ್ಲಿ ಎರಡರಲ್ಲೂ 6 ಡೆಸಿಬಲ್ ಅವಕಾಶವಿದೆಯಾದರೂ ಅದನ್ನು ಬಳಸುವ ಸಂದರ್ಭ ನನ್ನ ಮಟ್ಟಿಗೆ ಅಪರೂಪ: ಒಂದು ಹಾಡು ಮಂಕೆನಿಸಿದರೆ ಇನ್ನೊಂದರಲ್ಲಿ ಕಳೆಯುವುದೇ ಕ್ಷೇಮ.

ಹಳೆಯ ಹಾಡಿನ ಫೇಡರ್ ಕೆಳಗಿಳಿದ ಕೂಡಲೇ ಆ ಚಾನೆಲ್‌ನ (ಮಿಕ್ಸರ್‌ನಲ್ಲಿ ಆ ಹಾಡಿಗಿರುವ ಸಾಲಿನ) ಮೂರೂ ನಾಬ್‌ಗಳನ್ನು ನಡುವಿಗೆ ಮರಳಿಸಿ. ಇದನ್ನು ಮರೆತರೆ ಅಲ್ಲಿಗೆ ಹಾಕುವ ಮುಂದಿನ ಹಾಡನ್ನು ಬೇಸ್ ಇಲ್ಲದೆಯೇ ಹೆಡ್‌ಫೋನ್‌ನಲ್ಲಿ ಕೇಳಿ, ಗೇನ್ ಕಡಿಮೆಯಾಗಿದೆಯೆಂದು ತಿಳಿದು ಅದನ್ನು ಏರಿಸಿಬಿಡುವ ಸಾಧ್ಯತೆಯಿದೆ.