ಪಿಕಪ್ ಎತ್ತರಿಸುವ ಮುನ್ನ ಟೇಪ್ ಹಿಡಿಯಿರಿ

ಮಳೆಗಾಲ ಮುಗಿದ ಮೇಲೆ ತೋಟದ ದಾರಿ ನೋಡಬೇಕು. ಚಕ್ರ ಓಡಿದ ಕಡೆ ಎರಡು ಚರಂಡಿ, ನಡುವೆ ಹುಲ್ಲು ಬೆಳೆದ ದಿಬ್ಬ. ಆ ದಿಬ್ಬಕ್ಕೆ ಗಾಡಿಯ ಹೊಟ್ಟೆ ಒಂದೆರಡು ಸಲ ಉಜ್ಜಿದರೆ ಸಾಕು, ‘ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಿಬಿಡೋಣ’ ಅನ್ನಿಸಲು ಶುರುವಾಗುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆ ವಿ-ಕ್ರಾಸ್, ಹೈಲಕ್ಸ್ ಪಿಕಪ್ ಇಟ್ಟುಕೊಂಡ ಸ್ನೇಹಿತರು ನನ್ನನ್ನು ಕೇಳುವುದೂ ಇದನ್ನೇ: ಕಡಿಮೆ ಖರ್ಚಿನಲ್ಲಿ ಯಾವ ಕಿಟ್ ಒಳ್ಳೆಯದು?

ಎಷ್ಟು ಬೇಕೋ ಅಷ್ಟೇ ಎತ್ತರಿಸಿ, ಒಂದು ಬೆರಳೂ ಜಾಸ್ತಿ ಬೇಡ ಎನ್ನುತ್ತೇನೆ ನಾನು. ಎಷ್ಟು ಬೇಕು ಎಂದು ತಿಳಿಯಲು ಅಂಗಡಿಗೆ ಹೋಗಬೇಕಿಲ್ಲ. ಮನೆಯಂಗಳದಲ್ಲೇ ಆಗುವ ಕೆಲಸ ಅದು.

ಮೊದಲು ಲೋಡಿನ ಲೆಕ್ಕ

ಖಾಲಿ ಪಿಕಪ್ಪನ್ನು ಪಕ್ಕದಿಂದ ನೋಡಿ. ಮೂತಿ ಸ್ವಲ್ಪ ತಗ್ಗಿರುತ್ತದೆ, ಬಾಲ ಎದ್ದಿರುತ್ತದೆ. ಇದು ತಪ್ಪಲ್ಲ. ಹಿಂದೆ ಭಾರ ಬಿದ್ದಾಗ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಕುಗ್ಗಿ ಗಾಡಿ ಸಮಕ್ಕೆ ಬರಲಿ ಎಂದು ಕಂಪನಿಯವರೇ ಹಾಗೆ ಮಾಡಿರುತ್ತಾರೆ. ಲೆವೆಲಿಂಗ್ ಕಿಟ್ ಎಂದರೆ ಈ ತಗ್ಗಿದ ಮೂತಿಯನ್ನಷ್ಟೇ ಎತ್ತುವುದು. ಲಿಫ್ಟ್ ಕಿಟ್ ಮುಂದೆಯೂ ಹಿಂದೆಯೂ ಎತ್ತುತ್ತದೆ.

ವಾರಕ್ಕೆರಡು ಸಲ 50 ಕೆ.ಜಿ.ಯ ಹತ್ತು ಚೀಲ ಕಾಫಿ ಹೇರುವವರು ಮೂತಿ ಎತ್ತಿಸಿಕೊಂಡರೆ ಏನಾಗುತ್ತದೆ? ಲೋಡ್ ಬಿದ್ದ ಕೂಡಲೇ ಬಾಲ ಕುಸಿಯುತ್ತದೆ, ಮೂತಿ ಮೇಲೆ ನೋಡುತ್ತದೆ. ಹೆಡ್‌ಲೈಟ್ ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯುತ್ತದೆ. ಅಂಥವರಿಗೆ ಲೆವೆಲಿಂಗ್ ಕಿಟ್ ಬೇಡವೇ ಬೇಡ. ಬಾಲ ಕುಸಿಯುವುದೇ ತೊಂದರೆಯಾದರೆ ಹಿಂದೆ ಒಂದು ಪಟ್ಟಿ ಸೇರಿಸಿಕೊಳ್ಳಬಹುದು. ಆದರೆ ಪಟ್ಟಿ ಸೇರಿಸಿದರೆ ಗಾಡಿ ಹೊರಬಹುದಾದ ತೂಕದ ಮಿತಿ ಜಾಸ್ತಿಯಾಗುವುದಿಲ್ಲ, ನೆನಪಿರಲಿ.

ಇನ್ನೊಂದು ಮಾತು. ದಿಬ್ಬಕ್ಕೆ ಉಜ್ಜುತ್ತಿರುವುದು ಯಾವ ಭಾಗ ಎಂದು ಬಗ್ಗಿ ನೋಡಿ. ಹಿಂದಿನ ಆಕ್ಸಲ್ ನಡುವಿನ ಉಬ್ಬು, ಅಂದರೆ ಡಿಫರೆನ್ಶಿಯಲ್ ಉಜ್ಜುತ್ತಿದ್ದರೆ ಯಾವ ಕಿಟ್ ಹಾಕಿದರೂ ಪ್ರಯೋಜನವಿಲ್ಲ. ಕಿಟ್ ಎತ್ತುವುದು ಬಾಡಿ ಮತ್ತು ಚಾಸಿಯನ್ನು. ಆಕ್ಸಲ್ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ದೊಡ್ಡ ಟೈರ್ ಮಾತ್ರ. ಅದೂ ಎಷ್ಟು? 245/70 ಆರ್16 ತೆಗೆದು 265/70 ಆರ್16 ಹಾಕಿದರೆ ಟೈರಿನ ವ್ಯಾಸ 28 ಮಿ.ಮೀ. ಹೆಚ್ಚುತ್ತದೆ, ಆಕ್ಸಲ್ ಏರುವುದು ಅದರ ಅರ್ಧ, 14 ಮಿ.ಮೀ. ಇಷ್ಟಕ್ಕೆ ನಾಲ್ಕು ಹೊಸ ಟೈರ್ ಕೊಳ್ಳುವ ಬದಲು ನಡುವಿನ ದಿಬ್ಬವನ್ನೇ ಅರ್ಧ ದಿನ ಕೂತು ಕೆತ್ತಿಸುವುದು ವಾಸಿ, ಅಲ್ವಾ?

ಈಗ ಅಳತೆ

ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ. ಹಿಂದಿನ ಸಾಮಾನು ಇಳಿಸಿ. ಹತ್ತು ಹೆಜ್ಜೆ ಮುಂದೆ, ಹತ್ತು ಹೆಜ್ಜೆ ಹಿಂದೆ ಓಡಿಸಿ, ಸ್ಪ್ರಿಂಗ್ ತನ್ನ ಜಾಗಕ್ಕೆ ಕೂರಲಿ. ಆಮೇಲೆ ಚಕ್ರದ ನಟ್ಟನಡುವಿನಿಂದ ನೇರ ಮೇಲಕ್ಕೆ, ಫೆಂಡರಿನ ಅಂಚಿನವರೆಗೆ ಟೇಪ್ ಹಿಡಿಯಿರಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ನಾಲ್ಕೂ ಮೂಲೆ ಬರೆದುಕೊಳ್ಳಿ. ಮುಂದೆ 51 ಸೆಂ.ಮೀ., ಹಿಂದೆ 54 ಸೆಂ.ಮೀ. ಬಂತು ಎಂದುಕೊಳ್ಳೋಣ. ವ್ಯತ್ಯಾಸ 3 ಸೆಂ.ಮೀ. ನೀವು ಮುಂದೆ ಎತ್ತಬೇಕಾದದ್ದು 2ರಿಂದ 2.5 ಸೆಂ.ಮೀ. ಅಷ್ಟೇ. ಬಾಲ ಒಂದು ಬೆರಳು ಮೇಲಿದ್ದರೆ ನಾಲ್ಕು ಜನ ಹತ್ತಿದಾಗ ಸರಿಯಾಗುತ್ತದೆ.

ಎಡಕ್ಕೂ ಬಲಕ್ಕೂ ವ್ಯತ್ಯಾಸ ಜಾಸ್ತಿ ಬಂದರೆ ಕಿಟ್ ವಿಚಾರ ಬಿಡಿ. ಯಾವುದೋ ಸ್ಪ್ರಿಂಗ್ ಸೋತಿದೆ, ಮೊದಲು ಅದನ್ನು ಬದಲಿಸಿ.

ಬಿಲ್ಲೆಯ ದಪ್ಪ, ಗಾಡಿಯ ಎತ್ತರ

ಎಲ್ಲಕ್ಕಿಂತ ಅಗ್ಗದ್ದು ಸ್ಪೇಸರ್. ಮುಂದಿನ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಜೋಡಿಯ ಮೇಲೆ ಕೂರುವ ದಪ್ಪ ಬಿಲ್ಲೆ ಅದು. ಜನ ತಪ್ಪುವುದು ಇಲ್ಲೇ. ಆ ಜೋಡಿ ಚಕ್ರದ ನೇರಕ್ಕೆ ಇರುವುದಿಲ್ಲ, ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ಆರ್ಮಿನ ನಡುವೆ ಎಲ್ಲೋ ಕೂತಿರುತ್ತದೆ. ಬಾಗಿಲನ್ನು ನಡುವೆ ಹಿಡಿದು ಒಂದು ಗೇಣು ತಳ್ಳಿದರೆ ಅಂಚು ಎರಡು ಗೇಣು ಸರಿಯುತ್ತದಲ್ಲ, ಹಾಗೆ. 1 ಇಂಚಿನ ಬಿಲ್ಲೆ ಇಟ್ಟರೆ ಗಾಡಿ ಸುಮಾರು 2 ಇಂಚು ಏಳುತ್ತದೆ.

ನಮ್ಮ ಭಾವ 2 ಇಂಚು ಎತ್ತರಿಸಲು ಹೋಗಿ 2 ಇಂಚು ದಪ್ಪದ ಬಿಲ್ಲೆ ಹಾಕಿಸಿಕೊಂಡು ಬಂದರು. ಗಾಡಿ ನೋಡಲು ಭರ್ಜರಿಯಾಗಿತ್ತು. ಆರು ತಿಂಗಳೊಳಗೆ ಮುಂದಿನ ಆಕ್ಸಲಿನ ರಬ್ಬರ್ ಬೂಟ್ ಹರಿದು, ಚಕ್ರದ ಒಳಮೈಗೆಲ್ಲ ಕಪ್ಪು ಗ್ರೀಸ್ ಎರಚಿತ್ತು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಟಕ್ ಟಕ್ ಸದ್ದು. ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ರಿಪೇರಿಗೆ ಹೋಯಿತು.

ಆದ್ದರಿಂದ ‘ದಪ್ಪ ಎಷ್ಟು’ ಎಂದು ಕೇಳಬೇಡಿ, ‘ಚಕ್ರದ ಹತ್ತಿರ ಎಷ್ಟು ಏಳುತ್ತದೆ’ ಎಂದು ಕೇಳಿ. ಉತ್ತರ ಗೊತ್ತಿಲ್ಲದ ಅಂಗಡಿಯಲ್ಲಿ ಕೊಳ್ಳಬೇಡಿ. 2 ಇಂಚು ದಾಟಿದರೆ ಮೇಲಿನ ಆರ್ಮ್, ಬಾಲ್ ಜಾಯಿಂಟ್, ಆಕ್ಸಲಿನ ಕೋನ ಎಲ್ಲವೂ ಹದ ತಪ್ಪುತ್ತವೆ, ಅಲ್ಲಿಗೆ ಅದು ಅಗ್ಗದ ಕೆಲಸವಾಗಿ ಉಳಿಯುವುದಿಲ್ಲ. ಲೇತ್ ಅಂಗಡಿಯಲ್ಲಿ ಅಂದಾಜಿಗೆ ಕಡೆಸಿದ ಬಿಲ್ಲೆ ಬೇಡ. ನಿಮ್ಮ ಗಾಡಿಯ ಮಾಡೆಲ್ ಮತ್ತು ವರ್ಷಕ್ಕೇ ಮಾಡಿದ್ದು ತನ್ನಿ. ಜೊತೆಗೆ ಬಂದ ಬೋಲ್ಟಿನ ತಲೆ ನೋಡಿ. 8.8 ಅಥವಾ 10.9 ಎಂದು ಅಚ್ಚೊತ್ತಿರಬೇಕು. ನುಣ್ಣಗಿದ್ದರೆ ವಾಪಸ್ ಕೊಡಿ.

ಹಿಂದೆ ಎತ್ತಲು ಆಕ್ಸಲ್ ಮತ್ತು ಕಮಾನು ಪಟ್ಟಿಯ ನಡುವೆ ಬ್ಲಾಕ್ ಇಡುತ್ತಾರೆ. ಒಂದರ ಮೇಲೊಂದು ಬ್ಲಾಕ್ ಯಾವತ್ತೂ ಬೇಡ. ಪಟ್ಟಿಯನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟ್ ಹೊಸದೇ ಆಗಬೇಕು. ಒಮ್ಮೆ ಬಿಗಿದದ್ದು ಹಿಗ್ಗಿರುತ್ತದೆ.

ಹಳೆಯ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದ್ದರೆ ಸ್ಪೇಸರಿಗೆ ಕೊಡುವ ದುಡ್ಡು ದಂಡ. ಹೊಸ ಸ್ಪ್ರಿಂಗ್, ಹೊಸ ಶಾಕ್ ಅಬ್ಸಾರ್ಬರ್ ಇರುವ ಪೂರ್ತಿ ಕಿಟ್ ದುಬಾರಿ ನಿಜ. ಆದರೆ ಹೇಗೂ ಬದಲಿಸಲೇಬೇಕಾದ ಗಾಡಿಗೆ ಅದೇ ಉಳಿತಾಯ.

ಕಾಗದಪತ್ರ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ರೂಪ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಹಾಗಾಗಿ ದುಡ್ಡು ಕೊಡುವ ಮೊದಲು ಆರ್‌ಟಿಒದಲ್ಲೂ ವಿಮಾ ಕಂಪನಿಯಲ್ಲೂ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ. ಆಗದು ಎಂದರೆ ಅಲ್ಲಿಗೇ ಬಿಡಿ. ತಿಳಿಸದೆ ಹಾಕಿಸಿದರೆ ಅಪಘಾತವಾದಾಗ ಕ್ಲೇಮ್ ಕೈತಪ್ಪಬಹುದು. ವಾರಂಟಿ ಇದ್ದರೆ ಅದನ್ನೂ ವಿಚಾರಿಸಿ.

ಹಾಕಿಸುವ ದಿನ

ಗ್ಯಾರೇಜಿನಲ್ಲಿ ನಿಂತು ನೋಡಿ. ಆರ್ಮಿನ ಬೋಲ್ಟುಗಳನ್ನು ಗಾಡಿ ಜಾಕಿನ ಮೇಲೆ ನೇತಾಡುವಾಗ ಪೂರ್ತಿ ಬಿಗಿಯಬಾರದು. ಚಕ್ರ ನೆಲಕ್ಕಿಳಿದು ಭಾರ ಬಿದ್ದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಒಳಗಿನ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿಸಿ, ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಎಳೆದಂತಿವೆಯೇ ಎಂದು ಕೈಯಿಂದ ಮುಟ್ಟಿ ನೋಡಿ.

ಅಲ್ಲಿಂದ ನೇರ ವೀಲ್ ಅಲೈನ್‌ಮೆಂಟ್‌ಗೆ ಹೋಗಿ. ಈ ಖರ್ಚು ಕಿಟ್ಟಿನ ಬೆಲೆಯಲ್ಲಿ ಸೇರಿರುವುದಿಲ್ಲ, ಮೊದಲೇ ಎತ್ತಿಡಿ. ಸಂಜೆ ಗೋಡೆಗೆ ಹೆಡ್‌ಲೈಟ್ ಹಾಕಿ ನೋಡಿ, ಬೆಳಕು ಮೇಲೆ ಹೋಗಿದ್ದರೆ ತಗ್ಗಿಸಿ. ಎತ್ತರಿಸಿದ ಗಾಡಿ ತಿರುವಿನಲ್ಲಿ ಮೊದಲಿಗಿಂತ ಜಾಸ್ತಿ ವಾಲುತ್ತದೆ. ಆಗುಂಬೆಯ 14 ತಿರುವುಗಳಿಗೆ ಇಳಿಸುವ ಮೊದಲು ಊರ ಸುತ್ತಲಿನ ರಸ್ತೆಯಲ್ಲಿ ನಾಲ್ಕು ದಿನ ಓಡಿಸಿ ಕೈ ಪಳಗಿಸಿಕೊಳ್ಳಿ. 500 ಕಿ.ಮೀ. ಆದ ಮೇಲೆ ಮತ್ತೆ ಗ್ಯಾರೇಜಿಗೆ ಹೋಗಿ ಎಲ್ಲ ಬೋಲ್ಟಿಗೂ ಬಿಗಿ ಅಳೆಯುವ ಟಾರ್ಕ್ ರೆಂಚ್ ಹಿಡಿಸಿ, ಯು ಬೋಲ್ಟಿನಿಂದ ಶುರು ಮಾಡಿ.